ಸೋತವರು ಬಿಟ್ಟುಹೋದ ಕಾಗದಗಳು: ಲಾಯಲಿಸ್ಟ್ ಮನೆತನದ ಬೇರು ಹುಡುಕುವ ಬಗೆ

ಕೊಟ್ಟಿಗೆಯಲ್ಲಿ ಹಸು ನೆಮ್ಮದಿಯಾಗಿ ಮೆಲುಕು ಹಾಕುತ್ತಿರುವಷ್ಟು ದಿನ ಅದರ ಬಗ್ಗೆ ಯಾರೂ ಒಂದು ಸಾಲು ಬರೆದಿಡುವುದಿಲ್ಲ. ಅದೇ ಹಸುವನ್ನು ಯಾರೋ ಹೊಡೆದುಕೊಂಡು ಹೋದರು ಅನ್ನಿ, ಆಗ ಅದರ ಬಣ್ಣ, ವಯಸ್ಸು, ಬೆಲೆ, ಕೊನೆಗೆ ಕಂಡವರ ಹೆಸರು ಎಲ್ಲವೂ ಕಾಗದಕ್ಕೆ ಇಳಿಯುತ್ತವೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟನ್ ರಾಜನ ಪಕ್ಷ ಹಿಡಿದು, ಸೋತು, ಊರು ಬಿಟ್ಟ ಲಾಯಲಿಸ್ಟರ ವಿಷಯದಲ್ಲಿ ಆಗಿದ್ದೂ ಇದೇ. ಹೊಲಮನೆ ಕಳೆದುಕೊಂಡಿದ್ದರಿಂದಲೇ ಅವರು ಅರ್ಜಿ ಬರೆಸಿದರು, ಸಾಕ್ಷಿ ಹೇಳಿಸಿದರು, ಪಡಿ ತೆಗೆದುಕೊಳ್ಳುವಾಗ ಹೆಸರು ಬರೆಸಿದರು. ಸಹಿ ಮಾಡಲು ಬಾರದೆ ಗೀಟು ಹಾಕಿದ ಗೇಣಿದಾರನೊಬ್ಬ ಎಷ್ಟು ಎಕರೆ ಕಾಡು ಕಡಿದು ಹಸನು ಮಾಡಿದ್ದ, ಅವನ ಬಳಿ ಎಷ್ಟು ಕುದುರೆ ಇದ್ದವು ಎಂಬುದು 240 ವರ್ಷ ಕಳೆದ ಮೇಲೂ ನಮಗೆ ತಿಳಿಯುತ್ತದೆ. 18ನೇ ಶತಮಾನದ ಸಾಮಾನ್ಯ ಜನರಲ್ಲಿ ಇಷ್ಟು ಗುರುತು ಬಿಟ್ಟುಹೋದವರು ಕಡಿಮೆ. ಆದರೆ ಆ ಗುರುತುಗಳೆಲ್ಲ ಒಂದೇ ಕಡೆ ಇಲ್ಲ. ಕೆಲವು ಲಂಡನ್ನಿನಲ್ಲಿವೆ, ಕೆಲವು ಒಟ್ಟಾವದಲ್ಲಿವೆ, ಇನ್ನು ಕೆಲವು ನ್ಯೂಯಾರ್ಕ್ ರಾಜ್ಯದ ಹಳ್ಳಿ ಚರ್ಚುಗಳ ಪುಸ್ತಕಗಳಲ್ಲಿವೆ. ಅವನ್ನು ಯಾವ ಕ್ರಮದಲ್ಲಿ ಓದಬೇಕು ಎಂಬುದೇ ಇಲ್ಲಿನ ತೊಡಕು.

1775ರಲ್ಲಿ ಯುದ್ಧ ಶುರುವಾದಾಗ 13 ವಸಾಹತುಗಳ ಜನ ಒಂದೇ ಮಾತಿಗೆ ಬಂದಿರಲಿಲ್ಲ. ಅಲ್ಲಿನ ಬಿಳಿಯರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ರಾಜನ ಕಡೆಗಿತ್ತು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. 1783ರ ಪ್ಯಾರಿಸ್ ಒಪ್ಪಂದದ ಹೊತ್ತಿಗೆ ಸುಮಾರು 60,000 ಜನ ದೇಶ ಬಿಟ್ಟರು. ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಸುಮಾರು 15,000 ಕಪ್ಪು ಜನರನ್ನೂ ತಮ್ಮೊಡನೆ ಸಾಗಿಸಿದರು. ಕೆಲವರು ಬ್ರಿಟನ್ನಿಗೆ, ಕೆಲವರು ಜಮೈಕಾ, ಬಹಾಮಾಸ್ ದ್ವೀಪಗಳಿಗೆ ಹೋದರು. ಹೆಚ್ಚಿನವರು ಇಂದಿನ ಕೆನಡಾಕ್ಕೆ. ನೋವಾ ಸ್ಕೋಷಿಯಾದಲ್ಲಿ ಜನ ಎಷ್ಟು ತುಂಬಿದರೆಂದರೆ 1784ರಲ್ಲಿ ಅದನ್ನು ಒಡೆದು ನ್ಯೂ ಬ್ರನ್ಸ್‌ವಿಕ್ ಎಂಬ ಬೇರೆ ಪ್ರಾಂತ್ಯವನ್ನೇ ಮಾಡಬೇಕಾಯಿತು. ಈ ಯುದ್ಧದ ಒಂದು ಹೆಸರು ಕನ್ನಡಿಗರಿಗೂ ಗೊತ್ತು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಸೇನೆಯನ್ನು ಒಪ್ಪಿಸಿದ ಕಾರ್ನ್‌ವಾಲಿಸನೇ ಹತ್ತು ವರ್ಷ ತುಂಬುವ ಮೊದಲು, 1791ರ ಮಾರ್ಚ್‌ನಲ್ಲಿ, ಟಿಪ್ಪುವಿನ ಬೆಂಗಳೂರು ಕೋಟೆಯನ್ನು ಹಿಡಿದವನು. ಸೋತ ಸೇನಾಪತಿಗೆ ಇನ್ನೊಂದು ದೇಶ, ಇನ್ನೊಂದು ಹುದ್ದೆ ಸಿಕ್ಕಿತು. ಅದೇ ಪಕ್ಷವನ್ನು ನಂಬಿದ್ದ ರೈತರಿಗೆ ಮಾತ್ರ ಇದ್ದ ಊರೇ ಉಳಿಯಲಿಲ್ಲ.

ಬರೀ ಸೂತ್ರ ಹೇಳುವುದಕ್ಕಿಂತ ಒಂದು ಮನೆತನವನ್ನು ಹಿಡಿದುಕೊಂಡು ಹೋಗುವುದು ಮೇಲು. ಬಾರ್ಬರಾ ಹೆಕ್ ಎಂಬಾಕೆಯ ಹೆಸರು ಮೆಥಡಿಸ್ಟ್ ಕ್ರೈಸ್ತರಿಗೆ ಪರಿಚಿತ. ಅಮೆರಿಕದಲ್ಲಿ ಆ ಪಂಥಕ್ಕೆ ತಾಯಿಯಿದ್ದಂತೆ ಎಂದು ಆಕೆಯನ್ನು ನೆನೆಯುತ್ತಾರೆ. ಹುಟ್ಟಿದ್ದು 1734ರಲ್ಲಿ, ಐರ್ಲೆಂಡಿನ ಲಿಮರಿಕ್ ಸೀಮೆಯ ಬ್ಯಾಲಿಂಗ್ರೇನ್ ಎಂಬ ಹಳ್ಳಿಯಲ್ಲಿ. ತವರಿನ ಹೆಸರು ರಕಲ್. ಐರಿಷ್ ಹಳ್ಳಿಯಲ್ಲಿ ಹುಟ್ಟಿದರೂ ಮೂಲ ಜರ್ಮನ್. ರೈನ್ ನದಿ ದಂಡೆಯ ಪ್ಯಾಲಟಿನೇಟ್ ಸೀಮೆಯಿಂದ 1709ರಲ್ಲಿ ಹೊರಟು ಬಂದವರ ಪೈಕಿ ಆಕೆಯ ಹಿರಿಯರು. 1760ರಲ್ಲಿ ಪಾಲ್ ಹೆಕ್ ಎಂಬಾತನ ಕೈಹಿಡಿದು ಅದೇ ವರ್ಷ ನ್ಯೂಯಾರ್ಕಿಗೆ ಹಡಗು ಹತ್ತಿದಳು. ಕೆಲವು ವರ್ಷಗಳ ನಂತರ ಈ ಬಳಗ ಉತ್ತರದ ಕ್ಯಾಮ್ಡನ್ ಕಣಿವೆಗೆ ಒಕ್ಕಲು ಹೋಯಿತು. ಯುದ್ಧ ಬಂದಾಗ ರಾಜನ ಪಕ್ಷ, ಅಲ್ಲಿಂದ ಮಾಂಟ್ರಿಯಲ್, 1785ರಲ್ಲಿ ಸೇಂಟ್ ಲಾರೆನ್ಸ್ ನದಿ ದಂಡೆಯ ಆಗಸ್ಟಾ ಟೌನ್‌ಶಿಪ್ (ಅಲ್ಲಿ ಟೌನ್‌ಶಿಪ್ ಎಂದರೆ ಒಕ್ಕಲಿಗೆಂದು ಅಳೆದು ಗುರುತಿಸಿದ, ನಮ್ಮ ಹೋಬಳಿಯಂಥ ಸೀಮೆ). 1804ರಲ್ಲಿ ಅಲ್ಲೇ ತೀರಿಕೊಂಡಳು. ಪ್ರೆಸ್ಕಾಟ್ ಊರಿನ ಬಳಿಯ ಬ್ಲೂ ಚರ್ಚ್ ಸ್ಮಶಾನದಲ್ಲಿ ಆಕೆಯ ಸಮಾಧಿ ಇದೆ. ಒಂದು ನೂರು ವರ್ಷದೊಳಗೆ ಮನೆತನಕ್ಕೆ ನಾಲ್ಕು ನೆಲ, ಎರಡು ಭಾಷೆ.

ಇಂಥ ಮನೆತನದ ಬೇರು ಹುಡುಕುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಹೆಸರಾಂತ ಹಿರಿಯರಿಂದ ಶುರುಮಾಡಿ ಕೆಳಕ್ಕೆ ಇಳಿಯುವುದು. ತಮ್ಮ ಅಡ್ಡಹೆಸರಿಗೆ ಹೊಂದುವ ಒಬ್ಬ ಸಿಪಾಯಿ ಪಟ್ಟಿಯಲ್ಲಿ ಸಿಕ್ಕಿದ ಕೂಡಲೇ ಅವನೇ ನಮ್ಮಜ್ಜ ಅಂದುಬಿಡುತ್ತಾರೆ. ನಡೆಯಬೇಕಾದ್ದು ಹಿಮ್ಮುಖವಾಗಿ: ನಮ್ಮಿಂದ ಅಪ್ಪನಿಗೆ, ಅಪ್ಪನಿಂದ ಅಜ್ಜನಿಗೆ, ಪ್ರತಿ ಮೆಟ್ಟಿಲಿಗೂ ಒಂದು ಕಾಗದ. ಒಂಟಾರಿಯೋದಲ್ಲಿ ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ ಶುರುವಾದದ್ದು 1869ರ ಜುಲೈ 1ರಿಂದ. ಮನೆಯ ಎಲ್ಲರ ಹೆಸರನ್ನೂ ಬರೆದುಕೊಂಡ ಜನಗಣತಿ ಅಲ್ಲಿ 1851-52ರದ್ದು. ಅಲ್ಲಿಯವರೆಗಿನ ದಾರಿ ಸಲೀಸು. ಅದಕ್ಕೂ ಹಿಂದೆ, 1784ರಿಂದ 1851ರವರೆಗಿನ ಸುಮಾರು 70 ವರ್ಷವೇ ಕಗ್ಗಂಟು. ಎಷ್ಟೋ ಹುಡುಕಾಟಗಳು ನಿಲ್ಲುವುದು ಅಲ್ಲೇ.

ಹೆಕ್ ಕುಟುಂಬದಂಥವರಿಗೆ ಆ ಕಾಲದ ಮದುವೆ ದಾಖಲೆ ಸಿಗದಿರಲು ಕಾನೂನೂ ಕಾರಣ. ಅಪ್ಪರ್ ಕೆನಡಾದಲ್ಲಿ, ಅಂದರೆ ಇಂದಿನ ಒಂಟಾರಿಯೋದಲ್ಲಿ, ಮೊದಲಿಗೆ ಮದುವೆ ಮಾಡಿಸುವ ಹಕ್ಕಿದ್ದ ಪಾದ್ರಿಗಳೆಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಚರ್ಚಿನವರು. ಮೆಥಡಿಸ್ಟ್ ಬೋಧಕರಿಗೆ ಆ ಹಕ್ಕು ಬಂದದ್ದು 1831ರಲ್ಲಿ. ಹಾಗಾಗಿ ಮೆಥಡಿಸ್ಟ್ ಜೋಡಿಯ ಮದುವೆಯನ್ನು ಅವರ ಸ್ವಂತ ಚರ್ಚಿನ ಪುಸ್ತಕದಲ್ಲಿ ಹುಡುಕಿ, ಸಿಗಲಿಲ್ಲವೆಂದು ಕೈಚೆಲ್ಲಬಾರದು. ಹತ್ತಿರದ ಆಂಗ್ಲಿಕನ್ ಚರ್ಚಿನ ಪುಸ್ತಕ, ಸ್ಥಳೀಯ ನ್ಯಾಯಾಧಿಕಾರಿಯ ಕಾಗದಗಳು, ಇವನ್ನೂ ನೋಡಬೇಕು.

ಈ 70 ವರ್ಷದ ಕಂದಕಕ್ಕೆ ಸೇತುವೆ ಹಾಕಿಕೊಟ್ಟಿದ್ದು ಒಂದು ಆದೇಶ. 1789ರ ನವೆಂಬರ್ 9ರಂದು ಕ್ವಿಬೆಕ್ಕಿನಲ್ಲಿ ಗವರ್ನರ್ ಲಾರ್ಡ್ ಡಾರ್ಚೆಸ್ಟರ್, 1783ರ ಒಪ್ಪಂದಕ್ಕೆ ಮೊದಲೇ ರಾಜನ ಧ್ವಜದಡಿ ಸೇರಿದ ಕುಟುಂಬಗಳಿಗೆ ಒಂದು ಗೌರವದ ಗುರುತು ಇರಲಿ ಎಂದು ತೀರ್ಮಾನಿಸಿದ. ಸಾಮ್ರಾಜ್ಯದ ಏಕತೆ ಎಂಬರ್ಥದ ಎರಡು ಅಕ್ಷರ, ಯು.ಇ., ಅವರ ಹೆಸರಿಗೆ ಅಂಟಿದ್ದು ಹೀಗೆ. ಕೆನಡಾದಲ್ಲಿ ಇಂದಿಗೂ ಕೆಲವರ ಹೆಸರಿನ ಕೊನೆಗೆ ಆ ಅಕ್ಷರಗಳು ಕಾಣುತ್ತವೆ. ನಮಗೆ ಇಲ್ಲಿ ಗೌರವಕ್ಕಿಂತ ಮುಖ್ಯವಾದದ್ದು ಜಮೀನು. ಈ ಕುಟುಂಬಗಳ ಗಂಡುಮಕ್ಕಳು ಪ್ರಾಯಕ್ಕೆ ಬಂದಾಗ, ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದಾಗ ಇಲ್ಲವೇ ಮದುವೆಯಾದಾಗ, ತಲಾ 200 ಎಕರೆ ಕೇಳಬಹುದಿತ್ತು. ಕೇಳಬೇಕಾದರೆ ತಾನು ಯಾರ ಮಗ, ಯಾರ ಮಗಳು ಎಂದು ತೋರಿಸಬೇಕಿತ್ತು.

ಹೀಗಾಗಿ ಹೆಣ್ಣುಮಕ್ಕಳ ಅರ್ಜಿ ವಂಶಾವಳಿಗಾರನಿಗೆ ಚಿನ್ನ. ಆ ಕಾಲದ ಬಹುಪಾಲು ದಾಖಲೆಗಳಲ್ಲಿ ಮದುವೆಯಾದ ಹೆಣ್ಣು ಗಂಡನ ಹೆಸರಿನೊಳಗೆ ಕರಗಿಹೋಗುತ್ತಾಳೆ. ಇಲ್ಲಿ ಹಾಗಲ್ಲ. ತಾನು ಇಂಥ ಟೌನ್‌ಶಿಪ್ಪಿನ ಇಂಥವನ ಹೆಂಡತಿ, ಯು.ಇ. ಪಟ್ಟಿಯಲ್ಲಿರುವ ಇಂಥವರ ಮಗಳು ಎಂದು ಆಕೆ ಹೇಳಲೇಬೇಕು. ಒಂದೇ ವಾಕ್ಯದಲ್ಲಿ ತವರು, ಅತ್ತೆಮನೆ ಎರಡೂ ಸಿಕ್ಕುತ್ತವೆ, ಎರಡು ತಲೆಮಾರು ಕೂಡಿಕೊಳ್ಳುತ್ತವೆ. ಅಪ್ಪರ್ ಕೆನಡಾದ ಜಮೀನು ಅರ್ಜಿಗಳೆಂದು ಕರೆಯುವ ಈ ಕಡತಗಳು ಒಟ್ಟಾವದಲ್ಲಿರುವ ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿವೆ. ಅವುಗಳ ಹೆಸರಿನ ಸೂಚಿಯನ್ನು ಮನೆಯಲ್ಲೇ ಕೂತು ಅಂತರ್ಜಾಲದಲ್ಲಿ ತೆರೆಯಬಹುದು. ಗಂಡುಮಕ್ಕಳ ಜಾಡು ತಪ್ಪಿದರೆ ಅವರ ಅಕ್ಕತಂಗಿಯರ ಅರ್ಜಿ ನೋಡಿ. ನನ್ನ ಮಟ್ಟಿಗೆ ಈ ಇಡೀ ವಿದ್ಯೆಯಲ್ಲಿ ಇದಕ್ಕಿಂತ ಉಪಯುಕ್ತವಾದ ಮಾತಿಲ್ಲ.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಎಲ್ಲ ಮುಗಿಯಿತು ಎನ್ನುವಂತಿಲ್ಲ. ಯು.ಇ. ಪಟ್ಟಿ ಒಂದಲ್ಲ, ಹೆಸರುಗಳನ್ನು ಆಮೇಲೆ ಸೇರಿಸಿದ್ದುಂಟು, ಹೊಡೆದುಹಾಕಿದ್ದೂ ಉಂಟು. 1792ರ ಫೆಬ್ರವರಿಯಲ್ಲಿ ಗವರ್ನರ್ ಸಿಮ್ಕೋ, ಬಂದವರಿಗೆ ಜಮೀನು ಕೊಡುತ್ತೇವೆಂದು ಘೋಷಿಸಿದ ಮೇಲೆ ಅಮೆರಿಕದಿಂದ ಇನ್ನೂ ಅನೇಕರು ಬಂದರು. ಇವರಿಗೆ ತಡವಾಗಿ ಬಂದ ಲಾಯಲಿಸ್ಟರು ಎಂಬ ಹೆಸರು ಬಿತ್ತು. ಬಂದದ್ದು ಒಳ್ಳೆಯ ನೆಲಕ್ಕಾಗಿ. ಯುದ್ಧದಲ್ಲಿ ಎದುರು ಪಕ್ಷದಲ್ಲಿದ್ದವರೂ ಅವರಲ್ಲಿದ್ದರು. ಅಜ್ಜ ಅಮೆರಿಕದಿಂದ ಬಂದ ಅಂದರೆ ಲಾಯಲಿಸ್ಟ್ ಎಂದು ಅರ್ಥವಲ್ಲ. ಯಾವಾಗ ಬಂದ, ರಾಜನ ಸೇನೆಯ ಯಾವ ದಳದಲ್ಲಿದ್ದ ಎಂಬುದು ಗೊತ್ತಾಗಬೇಕು.

ದಳವನ್ನು ಪತ್ತೆ ಮಾಡಲು ಊರೇ ದಾರಿ ತೋರಿಸುತ್ತದೆ. 1784ರಲ್ಲಿ ಗವರ್ನರ್ ಹಾಲ್ಡಿಮಂಡ್ ಸೇಂಟ್ ಲಾರೆನ್ಸ್ ದಂಡೆಯ ಟೌನ್‌ಶಿಪ್ಪುಗಳನ್ನು ದಳಗಳ ಲೆಕ್ಕದಲ್ಲಿ ಹಂಚಿದ. ಸರ್ ಜಾನ್ ಜಾನ್ಸನ್ನನ ದಳದವರಿಗೆ ಪೂರ್ವದ ಐದು; ಅದರೊಳಗೂ ಕ್ಯಾಥೊಲಿಕ್ ಹೈಲ್ಯಾಂಡರ್ ಸ್ಕಾಟರು ಒಂದು ಕಡೆ, ಪ್ರೆಸ್‌ಬಿಟೇರಿಯನ್ನರು ಒಂದು ಕಡೆ, ಜರ್ಮನ್ ಲೂಥರನ್ನರು ಮತ್ತೊಂದು ಕಡೆ. ಹೆಕ್ ಕುಟುಂಬ ನೆಲೆಸಿದ ಆಗಸ್ಟಾ ಮತ್ತು ಅದರ ಅಕ್ಕಪಕ್ಕದವು ಹೆಚ್ಚಾಗಿ ಜೆಸಪ್ ದಳದ ಜನಕ್ಕೆ. ಬಟ್ಲರನ ರೇಂಜರುಗಳೆಂಬ ಇನ್ನೊಂದು ದಳದವರು ನಯಾಗರಾ ಕಡೆಗೆ. ಅಜ್ಜನ ಮೊದಲ ಜಮೀನು ಯಾವ ಟೌನ್‌ಶಿಪ್ಪಿನಲ್ಲಿತ್ತು ಎಂದು ತಿಳಿದರೆ ಯಾವ ದಳದ ಹಾಜರಿ ಪಟ್ಟಿ ತೆರೆಯಬೇಕೆಂದು ಗೊತ್ತಾದಂತೆ. ಜಮೀನಿನ ಅಳತೆಯೂ ಮಾತಾಡುತ್ತದೆ: ಆರಂಭದ ನಿಯಮದಂತೆ ಮನೆಯ ಯಜಮಾನನಿಗೆ 100 ಎಕರೆ, ಮನೆಯ ಉಳಿದ ಪ್ರತಿಯೊಬ್ಬರಿಗೆ 50. ಸಿಕ್ಕಿದ ಎಕರೆಯಿಂದ ಮನೆಯಲ್ಲಿ ಎಷ್ಟು ತಲೆಯಿದ್ದವೆಂದು ಅಂದಾಜಿಸಬಹುದು. ಪಡಿ ಹಂಚಿದ ಪಟ್ಟಿಗಳಲ್ಲಿ ಮಕ್ಕಳ ಹೆಸರು ಅಪರೂಪ. ಗಂಡಸು ಇಷ್ಟು, ಹೆಂಗಸು ಇಷ್ಟು, ಹತ್ತು ವರ್ಷಕ್ಕೆ ಮೇಲಿನ ಹುಡುಗರು ಇಷ್ಟು, ಕೆಳಗಿನವರು ಇಷ್ಟು ಎಂದಷ್ಟೇ ಇರುತ್ತದೆ. ಬರೀ ಎಣಿಕೆಯಾದರೂ, ಮುಂದೆ ಜಮೀನು ಕೇಳಿದ ಮಕ್ಕಳ ಜೊತೆ ಅದನ್ನು ಹೊಂದಿಸಿ ನೋಡಿದರೆ ಯಾರು ಆಗಲೇ ಹುಟ್ಟಿದ್ದರು, ಯಾರು ಆಮೇಲೆ ಹುಟ್ಟಿದರು ಎಂಬುದು ಬೇರೆಬೇರೆಯಾಗುತ್ತದೆ.

ಇನ್ನು ಪರಿಹಾರದ ಅರ್ಜಿಗಳು. 1783ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ನಷ್ಟ ವಿಚಾರಣೆಗೆ ಒಂದು ಆಯೋಗ ನೇಮಿಸಿತು. ಲಂಡನ್ನಿಗೆ ಹೋಗಲಾರದವರನ್ನು ವಿಚಾರಿಸಲು ಥಾಮಸ್ ಡಂಡಾಸ್ ಮತ್ತು ಜೆರೆಮಿ ಪೆಂಬರ್ಟನ್ ಎಂಬ ಆಯುಕ್ತರು ಹ್ಯಾಲಿಫ್ಯಾಕ್ಸ್, ಸೇಂಟ್ ಜಾನ್, ಕ್ವಿಬೆಕ್, ಮಾಂಟ್ರಿಯಲ್‌ಗಳಲ್ಲಿ ಕೂತರು. 3,000ಕ್ಕೂ ಹೆಚ್ಚು ಅರ್ಜಿ ಬಂದವು, ಕೊನೆಗೆ ಸುಮಾರು 30 ಲಕ್ಷ ಪೌಂಡ್ ಪರಿಹಾರ ಮಂಜೂರಾಯಿತು. ಕಡತಗಳು ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಎ.ಒ. 12 ಮತ್ತು ಎ.ಒ. 13 ಎಂಬುದು ಅವುಗಳ ಗುರುತು. ಗುಮಾಸ್ತ ಬರೆದುಕೊಂಡ ಸಾಕ್ಷ್ಯದ ಧಾಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಅರ್ಜಿದಾರ ಜರ್ಮನಿಯವನು, ಇಂಥ ವರ್ಷ ಅಮೆರಿಕಕ್ಕೆ ಬಂದ, ನ್ಯೂಯಾರ್ಕಿನ ಟ್ರಯಾನ್ ಕೌಂಟಿಯಲ್ಲಿ (ಕೌಂಟಿ ಎಂದರೆ ಜಿಲ್ಲೆ) ಗೇಣಿಗೆ ಇಷ್ಟು ಎಕರೆ ಹಿಡಿದಿದ್ದ, ಅದರಲ್ಲಿ ಇಷ್ಟು ಹಸನಾಗಿತ್ತು, ಮನೆ, ಕಣಜ, ಕುದುರೆ, ಹಸು, ಹಂದಿ, ನೇಗಿಲು, ಬಿತ್ತಿದ್ದ ಗೋಧಿ, ಇಂಥ ವರ್ಷ ದಳ ಸೇರಿದ. ಹುಟ್ಟಿದ ದೇಶ ಮತ್ತು ವಲಸೆ ಬಂದ ವರ್ಷ, ಬೇರೆಲ್ಲೂ ಸಿಗದ ಈ ಎರಡು ಸಂಗತಿ ಇಲ್ಲಿ ಎಷ್ಟೋ ಸಲ ಮೊದಲ ಸಾಲಿನಲ್ಲೇ ಇರುತ್ತವೆ. ಹೆಂಗಸರ ಅರ್ಜಿಗಳಲ್ಲಿ ಇತಿಹಾಸಕಾರರು ಗಮನಿಸಿದ್ದು ಮನಸ್ಸಿಗೆ ನಾಟುವಂಥದ್ದು. ಜಮೀನಿನ ಬೆಲೆ ಎಷ್ಟೆಂದು ಕೇಳಿದರೆ ಅನೇಕ ವಿಧವೆಯರಿಗೆ ಹೇಳಲು ಬರುತ್ತಿರಲಿಲ್ಲ, ಅದು ಗಂಡನ ವ್ಯವಹಾರವಾಗಿತ್ತು. ಆದರೆ ಅಡುಗೆಮನೆಯ ಪಾತ್ರೆ, ಚಮಚ, ಹಾಸಿಗೆ, ಹೊದಿಕೆಗಳನ್ನು ಒಂದೊಂದಾಗಿ ಹೆಸರಿಸಿ ಬರೆಸುತ್ತಿದ್ದರು.

ಪರಿಹಾರ ಕೇಳುವವರು ಬೆಲೆ ಏರಿಸಿ ಹೇಳುವುದು ಸಹಜ, ಆಯುಕ್ತರೂ ಅದನ್ನು ಕಡಿತ ಮಾಡುತ್ತಿದ್ದರು. ಅದಕ್ಕೆ ತಾಳೆ ನೋಡಲು ಅಮೆರಿಕದ ಕಡೆಯ ಕಾಗದ ಇದೆ. ನ್ಯೂಯಾರ್ಕ್ 1779ರ ಅಕ್ಟೋಬರ್ 22ರಂದು 59 ಜನರ ಹೆಸರು ಹಿಡಿದು ಅವರ ಆಸ್ತಿ ಜಪ್ತಿ ಮಾಡುವ ಕಾನೂನು ತಂದಿತು. ಅದರಲ್ಲಿ ಮೂವರು ಹೆಂಗಸರೂ ಇದ್ದರು. ಜಪ್ತಿಯಾದ ನೆಲ ಯಾರಿಗೆ ಮಾರಾಟವಾಯಿತು, ಅದರ ಎಲ್ಲೆ ಎಲ್ಲಿ ಎಂಬುದೆಲ್ಲ ಆ ರಾಜ್ಯದ ದಾಖಲೆಯಲ್ಲಿದೆ. ಹುಡುಕುವಾಗ ಊರಿನ ಹೆಸರು ಬದಲಾಗಿದ್ದು ನೆನಪಿರಲಿ. ಟ್ರಯಾನ್ ಎಂಬ ಬ್ರಿಟಿಷ್ ಗವರ್ನರನ ಹೆಸರಿನ ಕೌಂಟಿ 1784ರಲ್ಲಿ ಮಾಂಟ್‌ಗೊಮರಿ ಆಯಿತು. ಹೆಕ್ ಕುಟುಂಬವಿದ್ದ ಷಾರ್ಲಟ್ ಕೌಂಟಿ ಅದೇ ವರ್ಷ ವಾಷಿಂಗ್ಟನ್ ಆಯಿತು.

ಯುದ್ಧಕ್ಕೂ ಹಿಂದಿನ ತಲೆಮಾರಿಗೆ ಚರ್ಚಿನ ಪುಸ್ತಕಗಳೇ ಗತಿ. ಹಡ್ಸನ್ ಮತ್ತು ಮೊಹಾಕ್ ಕಣಿವೆಗಳ ಡಚ್, ಜರ್ಮನ್ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಒಂದು ಒಳ್ಳೆಯ ರೂಢಿಯಿತ್ತು. ಮಗುವಿನ ತಾಯಿಯನ್ನು ಬಹಳಷ್ಟು ಕಡೆ ತವರಿನ ಹೆಸರಿನಿಂದಲೇ ಬರೆಯುತ್ತಿದ್ದರು, ಸಾಕ್ಷಿಯಾಗಿ ನಿಂತವರ ಹೆಸರನ್ನೂ ಸೇರಿಸುತ್ತಿದ್ದರು. ಆ ಸಾಕ್ಷಿಗಳು ಹೆಚ್ಚಾಗಿ ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರಮಾವ. ಐದಾರು ಮಕ್ಕಳ ದಾಖಲೆ ಪಕ್ಕಪಕ್ಕ ಇಟ್ಟರೆ ಬಳಗವೇ ಎದ್ದು ನಿಲ್ಲುತ್ತದೆ. ನಮ್ಮ ಮನೆಗಳಂತೆ ಅವರಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ಇತ್ತು. ಸುಳಿವಿಗೆ ಅದು ಸಾಕು, ಪುರಾವೆಗೆ ಸಾಲದು. ಹೆಸರಿನ ಕಾಗುಣಿತದ ಮೇಲೆ ಮಾತ್ರ ಭರವಸೆ ಇಡಬೇಡಿ. ಜರ್ಮನ್ ರೈತ ಬಾಯಲ್ಲಿ ಹೇಳಿದ, ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ. ಮ್ಯುಲರ್ ಎಂಬವನು ಮಿಲ್ಲರ್ ಆದ, ಶ್ಮಿಟ್ ಸ್ಮಿತ್ ಆದ, ಬಡಗಿ ಎಂಬರ್ಥದ ಟ್ಸಿಮ್ಮರ್‌ಮನ್ ಕೆಲವೆಡೆ ಅನುವಾದಗೊಂಡು ಕಾರ್ಪೆಂಟರ್ ಆದ. ಒಬ್ಬನೇ ಮನುಷ್ಯ ಮೂರು ಪಟ್ಟಿಯಲ್ಲಿ ಮೂರು ಹೆಸರಾಗಿ ಕಂಡರೆ ಬೆರಗಾಗಬೇಕಿಲ್ಲ.

ಸಮುದ್ರ ದಾಟಿ ಹಿಂದೆ ಹೋದರೆ ಜರ್ಮನ್ ಮೂಲದವರಿಗೆ 1709 ನೆನಪಿಡಬೇಕಾದ ವರ್ಷ. ಯುದ್ಧ, ತೆರಿಗೆ, ಆ ವರ್ಷದ ಕೊರೆಯುವ ಚಳಿ, ಇವುಗಳಿಂದ ಬೇಸತ್ತ ಸುಮಾರು 13,000 ಜನ ರೈನ್ ನದಿಯಲ್ಲಿ ಕೆಳಗಿಳಿದು ರಾಟರ್‌ಡ್ಯಾಮ್ ಮೂಲಕ ಲಂಡನ್ ತಲುಪಿದರು. ಅವರಲ್ಲಿ ಮೊದಲು ಬಂದವರ ಪಟ್ಟಿ ಮಾಡಿದ್ದಾರೆ. ವಯಸ್ಸು, ಕಸುಬು, ಮಕ್ಕಳು, ಪಂಥ ಎಲ್ಲ ಅದರಲ್ಲಿದೆ. ಸುಮಾರು 3,000 ಜನರನ್ನು ಹಡಗುಗಳಿಗೆ ಬೇಕಾದ ಟಾರು ತಯಾರಿಸಲೆಂದು 1710ರಲ್ಲಿ ನ್ಯೂಯಾರ್ಕಿಗೆ ಕಳಿಸಿದರು. ಅಲ್ಲಿ ಗವರ್ನರ್ ಹಂಟರ್ ಅವರಿಗೆ ಪಡಿ ಕೊಟ್ಟ ಲೆಕ್ಕ ಉಳಿದಿದೆ. ಟಾರಿನ ಕೆಲಸ ಕೈಕೊಟ್ಟಿತು, ಜನ ಸ್ಕೊಹಾರಿಗೆ, ಮೊಹಾಕ್ ಕಣಿವೆಗೆ ಹರಡಿದರು. ಅವರ ಮೊಮ್ಮಕ್ಕಳಲ್ಲಿ ಅನೇಕರು ಜಾನ್ಸನ್ನನ ದಳದ ಹಾಜರಿ ಪಟ್ಟಿಯಲ್ಲಿದ್ದಾರೆ. ಇನ್ನೂ ಸುಮಾರು 3,000 ಜನ ಐರ್ಲೆಂಡಿಗೆ ಹೋದರು. ಲಿಮರಿಕ್ಕಿನ ಸೌತ್‌ವೆಲ್ ಎಂಬ ಜಮೀನ್ದಾರನ ನೆಲದಲ್ಲಿ ಒಕ್ಕಲಾದವರ ಮಕ್ಕಳು ಬಾರ್ಬರಾಳ ಬಳಗ. ಐರ್ಲೆಂಡಿನ ಈ ಮೆಟ್ಟಿಲು ಕಷ್ಟದ್ದು: 1922ರ ಜೂನ್‌ನಲ್ಲಿ ಡಬ್ಲಿನ್ನಿನ ದಾಖಲೆ ಭವನಕ್ಕೆ ಬೆಂಕಿ ಬಿದ್ದು ಅಲ್ಲಿ ಒಟ್ಟುಗೂಡಿಸಿದ್ದ ಎಷ್ಟೋ ಚರ್ಚು ಪುಸ್ತಕಗಳು ಬೂದಿಯಾದವು. ಉಳಿದ ಗೇಣಿ ಪತ್ರಗಳನ್ನು ನೆಚ್ಚಿಕೊಳ್ಳಬೇಕು.

ಇಷ್ಟೆಲ್ಲ ಕಾಗದ ಯಾರ ಪಾಲಿಗೆ ಇಲ್ಲ ಎಂಬುದನ್ನೂ ಹೇಳಬೇಕು. ಬಿಳಿಯ ಲಾಯಲಿಸ್ಟರ ಪಟ್ಟಿಯಲ್ಲಿ 'ಸೇವಕರು' ಎಂಬ ಕಾಲಂ ಕಂಡರೆ, ಅನೇಕ ಸಲ ಅದರ ಅರ್ಥ ಗುಲಾಮರು. ಅವರಿಗೆ ಹೆಸರಿಲ್ಲ, ಎಣಿಕೆ ಮಾತ್ರ. ಇನ್ನೊಂದು ಬಗೆಯ ಜನ ಧಣಿಗಳಿಂದ ತಪ್ಪಿಸಿಕೊಂಡು, ಬಿಡುಗಡೆಯ ಮಾತು ಕೊಟ್ಟ ಬ್ರಿಟಿಷ್ ಸೇನೆಯನ್ನು ಸೇರಿದ ಕಪ್ಪು ಲಾಯಲಿಸ್ಟರು. 1783ರಲ್ಲಿ ನ್ಯೂಯಾರ್ಕ್ ತೆರವು ಮಾಡುವಾಗ ಹಡಗು ಹತ್ತಿದ ಸುಮಾರು 3,000 ಕಪ್ಪು ಜನರ ಹೆಸರನ್ನು ಒಂದು ದಫ್ತರದಲ್ಲಿ ಬರೆದರು. ಬರೆದ ಕಾರಣ ಅವರ ನೆನಪಿಗಾಗಿ ಅಲ್ಲ, ಧಣಿಗಳು ಮುಂದೆ ಬೆಲೆ ಕೇಳಿದರೆ ಲೆಕ್ಕ ಇರಲಿ ಎಂದು. ಅದರಲ್ಲೊಂದು ಸಾಲು: ಹ್ಯಾರಿ ವಾಷಿಂಗ್ಟನ್, ವಯಸ್ಸು 43, ಒಳ್ಳೆಯ ಆಳು, ಮೊದಲು ಜನರಲ್ ವಾಷಿಂಗ್ಟನ್ನನ ಸ್ವತ್ತು, ಏಳು ವರ್ಷದ ಹಿಂದೆ ಬಿಟ್ಟುಬಂದವನು. ಹೌದು, ಅದೇ ಜಾರ್ಜ್ ವಾಷಿಂಗ್ಟನ್. ಹ್ಯಾರಿ ನೋವಾ ಸ್ಕೋಷಿಯಾದ ಬರ್ಚ್‌ಟೌನಿಗೆ ಹೋದ. ಅಲ್ಲಿ ಕೊಟ್ಟ ಮಾತಿನ ನೆಲ ಸರಿಯಾಗಿ ಸಿಗದೆ, 1792ರಲ್ಲಿ ಹ್ಯಾಲಿಫ್ಯಾಕ್ಸ್‌ನಿಂದ 15 ಹಡಗುಗಳಲ್ಲಿ ಆಫ್ರಿಕದ ಸಿಯೆರಾ ಲಿಯೋನ್‌ಗೆ ಹೊರಟ ಸುಮಾರು 1,190 ಜನರಲ್ಲಿ ಆತನೂ ಒಬ್ಬ. ಅಂಥ ಮನೆತನದ ಬೇರು ಹುಡುಕುವವರಿಗೆ ಆ ಒಂದು ಸಾಲೇ ಎಷ್ಟೋ ಸಲ ಮೊದಲ ಕಾಗದ. ಅದರ ಹಿಂದೆ ಹೋಗಬೇಕಾದರೆ ಧಣಿಯ ತೋಟದ ಲೆಕ್ಕ ಪುಸ್ತಕವನ್ನೇ ತೆರೆಯಬೇಕು.

ಡಿಎನ್‌ಎ ಪರೀಕ್ಷೆ ಈ ಕೆಲಸವನ್ನು ತಪ್ಪಿಸುತ್ತದೆ ಎಂದು ಹಲವರು ನಂಬಿದ್ದಾರೆ. ಇಂದಿನ ನಡುವಯಸ್ಸಿನವರಿಗೆ ಯುದ್ಧಕಾಲದ ಅಜ್ಜ ಸುಮಾರು ಎಂಟು ತಲೆಮಾರು ಹಿಂದಿನವನು, ಆ ಮೆಟ್ಟಿಲಲ್ಲಿ ನಮಗೆ 256 ಹಿರಿಯರಿರುತ್ತಾರೆ. ಪರೀಕ್ಷೆ ದೂರದ ಸಂಬಂಧಿಯನ್ನು ತೋರಿಸೀತು. 256 ಜನರಲ್ಲಿ ಯಾರ ಕಡೆಯಿಂದ ಎಂದು ಹೇಳಲು ಮತ್ತೆ ಅರ್ಜಿ, ಪಟ್ಟಿಗಳೇ ಬೇಕು. ಕೆನಡಾದ ಯುನೈಟೆಡ್ ಎಂಪೈರ್ ಲಾಯಲಿಸ್ಟ್ ಸಂಘವೂ ಪ್ರಮಾಣಪತ್ರ ಕೊಡುವಾಗ ಕೇಳುವುದು ತಲೆಮಾರಿನಿಂದ ತಲೆಮಾರಿಗೆ ಕೊಂಡಿಯನ್ನೇ.

ಬಾರ್ಬರಾಳ ಬಗ್ಗೆ ಹೆಚ್ಚು ಜನ ಹೇಳುವ ಕತೆ ಇಸ್ಪೀಟಿನದು. 1766ರಲ್ಲಿ ನ್ಯೂಯಾರ್ಕಿನಲ್ಲಿ ತನ್ನವರು ಇಸ್ಪೀಟಾಡುತ್ತಿದ್ದುದನ್ನು ಕಂಡು ಎಲೆಗಳನ್ನು ಒಲೆಗೆ ಎಸೆದಳಂತೆ, ನೇರ ತನ್ನ ಬಂಧು ಫಿಲಿಪ್ ಎಂಬರಿಯ ಮನೆಗೆ ಹೋಗಿ ಉಪದೇಶ ಶುರುಮಾಡು ಎಂದಳಂತೆ. ಎಂಬರಿ ಬೋಧಿಸಿದ್ದು, 1768ರಲ್ಲಿ ಜಾನ್ ಬೀದಿಯಲ್ಲಿ ಪ್ರಾರ್ಥನಾಮಂದಿರ ತೆರೆದದ್ದು ದಾಖಲೆಗೆ ಸಿಗುತ್ತವೆ. ಬಾರ್ಬರಾಳ ಕೈಬರಹದ ಒಂದು ಪತ್ರವೂ ಉಳಿದಿಲ್ಲ, ಮದುವೆಯ ತಾರೀಖಿಗೂ ಆ ಕಾಲದ ನೇರ ದಾಖಲೆ ಇಲ್ಲ. ಆಕೆಯ ವಂಶದ ಪಟ್ಟಿ ನಾನು ಬರೆಯುವುದಾದರೆ ಆಗಸ್ಟಾದ ಜಮೀನು, ಮಕ್ಕಳ ಅರ್ಜಿ, ಬ್ಲೂ ಚರ್ಚಿನ ಸಮಾಧಿ ಇವನ್ನು ಶಾಯಿಯಲ್ಲಿ ಬರೆಯುತ್ತೇನೆ. 1760ರ ಮದುವೆಯನ್ನು ಪೆನ್ಸಿಲ್ಲಿನಲ್ಲಿ. ಇಸ್ಪೀಟಿನ ಕತೆಗೆ ಬೇರೆ ಹಾಳೆ, ಮೇಲೆ 'ಮನೆಯವರು ಹೇಳುತ್ತಾ ಬಂದದ್ದು' ಎಂಬ ತಲೆಬರಹ.